ಬಿಳಿ ಬಟ್ಟೆ ಹೊದಿಸಿದ ಕುರ್ಚಿ

ಕೊರೊನಾ ಕಳೆದು ಕಾರ್ಖಾನೆಗಳ ಬಾಗಿಲು ಪೂರ್ತಿ ತೆರೆದ ಮರುವರ್ಷದ ಮಾತು ಇದು. ಆಗ ನಾನು ಕಾರ್ಕಳದಿಂದ ಅಜೆಕಾರಿಗೆ ಹೋಗುವ ದಾರಿಯಲ್ಲಿದ್ದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಊರು ಕಾಪು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮಾಲೀಕರನ್ನು ಬಿಟ್ಟರೆ ಅಲ್ಲಿ ಹೆಂಗಸರಿಗೆ ಕೆಲಸ ಹೇಳುವವನು, ಅವರ ಮಾತನ್ನು ಮೇಲಕ್ಕೆ ಮುಟ್ಟಿಸುವವನು ನಾನೊಬ್ಬನೇ. ಮುಂದಾಳು ಎಂದು ನನ್ನನ್ನು ಯಾರೂ ಕರೆಯಲಿಲ್ಲವಾದರೂ ನನ್ನ ಮಟ್ಟಿಗೆ ನಾನು ಹಾಗೆಂದೇ ತಿಳಿದುಕೊಂಡಿದ್ದೆ.

ಕಾರ್ಖಾನೆಯ ಕೆಲಸವನ್ನು ಸ್ವಲ್ಪ ಹೇಳಿದರೆ ಮುಂದಿನದು ಅರ್ಥವಾದೀತು. ಒಣಗಿಸಿದ ಬೀಜವನ್ನು ಹಬೆಯಲ್ಲಿ ಬೇಯಿಸಿ, ಕಟ್ಟಿಂಗ್ ಸೆಕ್ಷನ್ನಿನಲ್ಲಿ ಒಬ್ಬೊಬ್ಬರೇ ಕೂತು ನಡೆಸುವ ಸಣ್ಣ ಮೆಷಿನ್ನಿನಿಂದ ಗಟ್ಟಿ ಸಿಪ್ಪೆ ಒಡೆದು ತಿರುಳು ತೆಗೆಯುತ್ತಾರೆ. ಆಮೇಲೆ ಪೀಲಿಂಗ್, ಅಂದರೆ ಒಳಗಿನ ಕೆಂಪು ಪೊರೆ ಬಿಡಿಸುವುದು. ಕೊನೆಗೆ ಗ್ರೇಡಿಂಗ್, ಗಾತ್ರ ನೋಡಿ ಬೇರೆ ಮಾಡುವುದು. ಪೀಲಿಂಗ್, ಗ್ರೇಡಿಂಗ್ ಶುಚಿಯಾದ ಕೆಲಸ. ಕಟ್ಟಿಂಗ್ ಹಾಗಲ್ಲ. ಸಿಪ್ಪೆಯೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ, ಕಪ್ಪು ಮಾಡುತ್ತದೆ. ಕೈಗೆ ಬೂದಿಯನ್ನೋ ಹರಳೆಣ್ಣೆಯನ್ನೋ ಬಳಿದುಕೊಂಡು ಕೂತರೂ ವರ್ಷಗಟ್ಟಲೆ ದುಡಿದವರ ಅಂಗೈ ಇದ್ದಿಲು ಮುಟ್ಟಿದಂತೆ ಉಳಿದುಬಿಡುತ್ತದೆ. ಮದುವೆ, ಮುಂಜಿಗೆ ಹೋದಾಗ ನಮ್ಮ ಕಟ್ಟಿಂಗ್ ಹೆಂಗಸರು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುವುದನ್ನು ನಾನು ನೋಡಿದ್ದೇನೆ.

ಪ್ರತಿವರ್ಷ ಒಂದು ಭಾನುವಾರ ಕಾರ್ಖಾನೆಯ ಸಮಾರಂಭ. ಭಾಷಣ, ಮಕ್ಕಳ ಡ್ಯಾನ್ಸ್, ಮಧ್ಯಾಹ್ನದ ಊಟ. ಹಿಂದಿನ ವರ್ಷ ಅದು ಕೆಟ್ಟುಹೋಗಿತ್ತು. ಬಟ್ಟೆ ಒಗೆಯಲಿಕ್ಕೆ, ಮನೆ ಗುಡಿಸಲಿಕ್ಕೆ ಸಿಗುವುದು ಒಂದೇ ಭಾನುವಾರ. ಹೆಂಗಸರು ಬರಲಿಲ್ಲ. ಅತಿಥಿಗಳು ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿ ಹೋದರು. ಸಂಜೆ ನಮ್ಮ ಸಣ್ಣ ಧನಿ, ಅಂದರೆ ಕಾರ್ಖಾನೆ ಕಟ್ಟಿದವರ ಮಗ, ನನ್ನನ್ನು ಕರೆದು ಹೇಳಿದ್ದು ಒಂದೇ ಮಾತು. "ಲಾರೆನ್ಸರೇ, ನಿಮ್ಮ ಮಾತನ್ನು ಹೆಂಗಸರು ಕೇಳುವುದಿಲ್ಲ ಅಂತ ಕಾಣ್ತದೆ." ಗಟ್ಟಿಯಾಗಿ ಹೇಳಲಿಲ್ಲ. ಅದಕ್ಕೇ ಹೆಚ್ಚು ತಾಗಿತು.

ಮರುವರ್ಷ ಕಾರ್ಖಾನೆಗೆ ಇಪ್ಪತ್ತೈದು ತುಂಬುತ್ತಿತ್ತು. ಸಮಾರಂಭಕ್ಕೆ ಎರಡು ವಾರ ಇರುವಾಗ ಧನಿ ಹೇಳಿದರು, "ಈ ಸಲ ನಮ್ಮ ಕೆಲಸದವರಲ್ಲಿ ಒಬ್ಬರಿಗೆ ಸನ್ಮಾನ ಮಾಡುವ. ಶಾಲು, ಪೇಟ, ಹಾರ, ಎಲ್ಲ ಕ್ರಮಪ್ರಕಾರ. ಹೆಸರು ನೀವೇ ಯೋಚಿಸಿ."

ನನಗೆ ಯೋಚಿಸಲು ಏನೂ ಇರಲಿಲ್ಲ. ಕಾರ್ಖಾನೆ ಶುರುವಾದ ದಿನ ಬಂದು ಕೂತು ಇನ್ನೂ ಎದ್ದು ಹೋಗದೆ ಉಳಿದವರು ಕಟ್ಟಿಂಗ್‌ನ ವಾರಿಜಕ್ಕ ಒಬ್ಬರೇ. ಆದರೆ ಆ ಹೆಸರನ್ನು ನಾನು ಕೂಡಲೇ ಹೇಳಲಿಲ್ಲ. ಧನಿಗೂ ಹೇಳಲಿಲ್ಲ, ಹೆಂಗಸರಿಗೂ ಹೇಳಲಿಲ್ಲ. ಪ್ರಾಯದಲ್ಲಿ ಕಾಪುವಿನ ನಮ್ಮ ಯುವಕ ಮಂಡಲದ ನಾಟಕಗಳಿಗೆ ಮೈಕು ಕಟ್ಟಿದ ರಿಕ್ಷಾದಲ್ಲಿ ಕೂತು ಪ್ರಚಾರ ಮಾಡಿದವನು ನಾನು. ಮಟ್ಟುವಿನಿಂದ ಪಡುಬಿದ್ರಿಯವರೆಗೆ ಗಂಟಲು ಹರಿಯುವಂತೆ ಕೂಗಿ ಕಲಿತ ಪಾಠ ಒಂದೇ: ಎಲ್ಲವನ್ನೂ ಹೇಳಿದರೆ ಜನ ಮನೆಯಲ್ಲೇ ಕೂತು ತಲೆ ಆಡಿಸುತ್ತಾರೆ, ಅರ್ಧ ಹೇಳಿದರೆ ಎದ್ದು ಬರುತ್ತಾರೆ.

ಉಡುಪಿಯ ಶಾಮಿಯಾನದವರಿಂದ ಸನ್ಮಾನದ ಕುರ್ಚಿಯನ್ನು ಮೊದಲೇ ತರಿಸಿದೆ. ಕೆಂಪು ವೆಲ್ವೆಟ್ಟು, ಚಿನ್ನದ ಬಣ್ಣದ ಕೈ, ನಾಟಕದ ರಾಜರ ಪಾರ್ಟಿನ ಕುರ್ಚಿಯ ಹಾಗೆ. ಅದನ್ನು ಕಟ್ಟಿಂಗ್ ಶೆಡ್ಡಿನ ಮೂಲೆಯಲ್ಲಿ ಇಟ್ಟು ಮೇಲೆ ಬಿಳಿ ಬಟ್ಟೆ ಹೊದಿಸಿದೆ. ಮಧ್ಯಾಹ್ನ ಊಟಕ್ಕೆ ಬಿಡುವ ಹೊತ್ತಿಗೆ ಸ್ಟೂಲಿನ ಮೇಲೆ ನಿಂತು ಹೇಳಿದೆ, "ಇದರಲ್ಲಿ ಕೂತುಕೊಳ್ಳುವವರು ಈಗ ನಮ್ಮ ಮಧ್ಯೆಯೇ ಇದ್ದಾರೆ. ಯಾರು ಅಂತ ಭಾನುವಾರ ಬಂದವರಿಗೆ ಮಾತ್ರ ಗೊತ್ತಾಗ್ತದೆ."

ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ. ಇಲ್ಲಿ ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶೆಡ್ಡಿನಲ್ಲಿ ಗಲಾಟೆ ಎದ್ದಿತು. ಬೇಬಿ ಎಂಬವಳೊಬ್ಬಳಿದ್ದಳು. ಬಾಯಿಗೆ ಬೀಗ ಇಲ್ಲದವಳು, ವಾರಿಜಕ್ಕನ ಪಕ್ಕದ ಮೆಷಿನ್ನಿನವಳು.

"ನಾನೇ ಇರಬೇಕು ಲಾರೆನ್ಸಣ್ಣ. ಶಾಲು ಬೇಡ, ಬದಲಿಗೆ ಒಂದು ಮಿಕ್ಸಿ ಕೊಡ್ಲಿಕ್ಕೆ ಹೇಳಿ."

"ನೀನು ಕೂತ್ರೆ ಕುರ್ಚಿ ಶಾಮಿಯಾನದವನಿಗೆ ವಾಪಸ್ ಹೋಗ್ಲಿಕ್ಕಿಲ್ಲ ಮಾರಾಯ್ತಿ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಆ ನಗು ನನಗೆ ಹಿಡಿಸಿತು. ಅಂದಿನಿಂದ ದಿನಕ್ಕೊಂದು ಸುಳಿವು ಕೊಡತೊಡಗಿದೆ. ಒಂದು ದಿನ, ಅವರು ಹೆಂಗಸು. ಇನ್ನೊಂದು ದಿನ, ಕಟ್ಟಿಂಗ್‌ನವರು. ಮತ್ತೊಂದು ದಿನ, ಕಾರ್ಖಾನೆಯ ಮೊದಲ ಬೀಜ ಒಡೆದ ಕೈ ಅವರದ್ದೇ. ಮೂರನೆಯದಕ್ಕೆ ಎಲ್ಲರ ತಲೆಯೂ ಒಂದೇ ಕಡೆ ತಿರುಗಿತು. ವಾರಿಜಕ್ಕ ತಲೆ ಎತ್ತದೆ ಬೀಜ ಒಡೆಯುತ್ತಲೇ ಇದ್ದರು. ಆದರೆ ಕಿವಿಯವರೆಗೆ ಕೆಂಪಾಗಿದ್ದರು. "ಆಗ್ಲಿಕ್ಕೂ ಸಾಕು, ಆಗದೇ ಇರ್ಲಿಕ್ಕೂ ಸಾಕು," ಎಂದು, ಹೌದೆಂದೂ ಅನ್ನದೆ ಅಲ್ಲವೆಂದೂ ಅನ್ನದೆ ನಾನು ಸ್ಟೂಲಿನಿಂದ ಇಳಿದೆ. ಸಮಾರಂಭ ಎಲ್ಲಿ, ಎಷ್ಟು ಗಂಟೆಗೆ ಎಂದು ಪೀಲಿಂಗ್‌ನ ಹೆಂಗಸರೂ ಬಂದು ಕೇಳಿಹೋಗತೊಡಗಿದರು. ಈ ಸಲ ಕುರ್ಚಿ ತುಂಬುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು.

ವಾರಿಜಕ್ಕನ ವಿಷಯ ಹೇಳಬೇಕು. ಗಂಡನ ಹೊಡೆತ ತಾಳದೆ ಎಳೆ ಮಗಳನ್ನು ಎತ್ತಿಕೊಂಡು ಬಂದವರು. ತವರು ಪೆರ್ಡೂರು. ಅಣ್ಣ ಸಂಜೀವ ಅನುಕೂಲಸ್ಥ. ಮನೆಯಲ್ಲಿ ಇರು, ಹೊರಗೆ ಹೋಗಬೇಡ ಎಂದಿದ್ದನಂತೆ. ಇವರು ಒಪ್ಪದೆ ಅಜೆಕಾರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದು ಬೀಜದ ಫ್ಯಾಕ್ಟರಿಗೆ ಸೇರಿದರು. ಅದರಲ್ಲೇ ದುಡಿದು ಮಗಳು ಶ್ವೇತಾಳನ್ನು ನರ್ಸಿಂಗ್ ಓದಿಸಿದರು. ಅವಳು ಈಗ ಮಣಿಪಾಲದ ಒಂದು ಆಸ್ಪತ್ರೆಯಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಅಣ್ಣನ ಮಗಳ ಮದುವೆಗೆ ಹೋದಾಗ ಬಡಿಸಲು ಪಾಯಸದ ಪಾತ್ರೆ ಹಿಡಿದು ಹೊರಟಿದ್ದರಂತೆ. ಅತ್ತಿಗೆ ಮೆಲ್ಲಗೆ ಪಾತ್ರೆ ತೆಗೆದುಕೊಂಡು, "ವಾರಿಜ, ನೀನು ಒಳಗೆ ಇರು. ನಿನ್ನ ಕೈ ನೋಡಿ ಗಂಡಿನ ಕಡೆಯವರು ಎಂತಾದ್ರೂ ಹೇಳಿಯಾರು," ಎಂದಳಂತೆ. ಅಣ್ಣ ಅಲ್ಲೇ ನಿಂತಿದ್ದ. ಅಂದಿನಿಂದ ವಾರಿಜಕ್ಕ ಪೆರ್ಡೂರಿಗೆ ಹೋಗಿರಲಿಲ್ಲ. ಇದನ್ನೆಲ್ಲ ಬೇಬಿ ನನಗೆ ಹೇಳಿದ್ದಳು.

ಆ ವಾರ ಕೈ ತೊಳೆಯುವ ನಳ್ಳಿಯ ಹತ್ತಿರ, ಕಟ್ಟೆಯ ಮೇಲೆ, ಹಿಂಡಿದ ಲಿಂಬೆಹಣ್ಣಿನ ಹೋಳುಗಳು ಕಾಣತೊಡಗಿದವು. ಯಾರದ್ದೆಂದು ಕೇಳಬೇಕಾಗಿರಲಿಲ್ಲ. ಕೆಲಸ ಬಿಟ್ಟ ಮೇಲೆ ವಾರಿಜಕ್ಕ ನಿಂತು ಬೆರಳು ಬೆರಳಿಗೆ ಲಿಂಬೆ ಉಜ್ಜುತ್ತಿದ್ದರು. ನನ್ನನ್ನು ಕಂಡು ಕೈ ಹಿಂದಕ್ಕೆ ಎಳೆದುಕೊಂಡರು.

"ಲಾರೆನ್ಸಣ್ಣ, ಒಂದು ಕೇಳ್ತೇನೆ. ಯಾರು ಅಂತ ಕೇಳುವುದಲ್ಲ. ನಾನು ಅಣ್ಣನನ್ನು ಕರೆಯಬಹುದಾ?"

"ಕರೆಯಿರಿ ವಾರಿಜಕ್ಕ. ಎಲ್ಲರನ್ನೂ ಕರೆಯಿರಿ," ಎಂದೆ.

ಆ ಹೊತ್ತಿಗೆ ನನ್ನ ಮಾತಿನಲ್ಲಿ ಮೋಸ ಇರಲಿಲ್ಲ. ಅವರು ಮರುದಿನ ರಜೆ ಮಾಡಿ ಪೆರ್ಡೂರಿಗೆ ಹೋಗಿ ಬಂದರು.

ಗುರುವಾರ ಧನಿ ಆಫೀಸಿಗೆ ಕರೆದರು. ಕಾರ್ಖಾನೆಗೆ ಜಾಗ ಕೊಟ್ಟಿದ್ದ ಊರಿನ ಹಿರಿಯರೊಬ್ಬರು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಪ್ರಾಯವಾಗಿದೆ, ಬರುವುದಿಲ್ಲ ಎಂದವರು ಬರುತ್ತೇನೆಂದು ಫೋನು ಮಾಡಿದ್ದರು. ಸನ್ಮಾನ ಅವರಿಗೆ ಎಂದು ತೀರ್ಮಾನವಾಗಿತ್ತು.

"ಹಾಗಾದರೆ ನಮ್ಮ ಕೆಲಸದವರದ್ದು?" ಎಂದು ಕೇಳಿದೆ.

"ಒಂದೇ ವೇದಿಕೆಯಲ್ಲಿ ಎರಡು ಮಾಡಿದರೆ ಅವರಿಗೆ ಸರಿ ಕಾಣ್ಲಿಕ್ಕಿಲ್ಲ. ಬರುವ ವರ್ಷ ನೋಡುವ. ಹೆಂಗಸರಿಗೆ ನೀವು ಒಂದು ಮಾತು ಹೇಳಿಬಿಡಿ, ಆಯ್ತಾ?"

ಆಯಿತು ಎಂದೆ. ಹೇಳಬೇಡಿ ಎಂದು ಧನಿ ಹೇಳಲಿಲ್ಲ. ಹೇಳಿ ಎಂದೇ ಹೇಳಿದ್ದರು. ನನಗೆ ಆ ನೆಪವೂ ಇಲ್ಲ.

ಶೆಡ್ಡಿಗೆ ಬಂದೆ. ಊಟದ ಹೊತ್ತು. ನನ್ನನ್ನು ಕಂಡದ್ದೇ ಮೆಷಿನ್ನುಗಳ ಸದ್ದು ನಿಂತಿತು. ನಾನು ಕೇಳದೆಯೇ ಯಾರೋ ಸ್ಟೂಲು ತಂದಿಟ್ಟರು. "ಇವತ್ತಿನದ್ದು ಎಂತ ಲಾರೆನ್ಸಣ್ಣ?" ಎಂದು ಬೇಬಿ ಕೂಗಿದಳು. ಶೆಡ್ಡಿನ ಅಷ್ಟೂ ಮುಖಗಳು ನನ್ನ ಕಡೆಗಿದ್ದವು. ನನ್ನ ಜೀವನದಲ್ಲಿ ನಾನು ಬಾಯಿ ತೆರೆಯುವುದನ್ನು ಅಷ್ಟು ಜನ ಕಾದದ್ದು ಆ ದಿನಗಳಲ್ಲಿ ಮಾತ್ರ. ಈಗ ಸತ್ಯ ಹೇಳಿದರೆ ಭಾನುವಾರ ಅರ್ಧ ಜನವೂ ಬರುವುದಿಲ್ಲ, ಧನಿ ಕಳೆದ ವರ್ಷದ ಮಾತನ್ನೇ ಮತ್ತೆ ಹೇಳುತ್ತಾರೆ ಎಂದು ಲೆಕ್ಕ ಹಾಕಿದೆ. ಸ್ಟೂಲು ಹತ್ತಿದೆ.

"ಇವತ್ತಿನದ್ದು ಇಷ್ಟೇ. ಅವರ ಗುಣಗಾನ ಓದಿ ಹೆಸರು ಹೇಳುವಾಗ ನೀವೆಲ್ಲ ಎದ್ದು ನಿಲ್ಲಬೇಕು."

ಮುಂಬಯಿಯವರಿಗೂ ಹೊಂದುವ ಮಾತು. ನನ್ನ ಜಾಣತನ ನೋಡಿ. ಚಪ್ಪಾಳೆ ಬಿತ್ತು. ವಾರಿಜಕ್ಕ ಆ ದಿನ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿ ನಕ್ಕರು. ನಾನು ಬೂದಿಯ ಡಬ್ಬ ಹುಡುಕುವವನಂತೆ ಆ ಕಡೆ ತಿರುಗಿದೆ.

ಶನಿವಾರ ಇನ್ನೊಂದು ಅವಕಾಶ ತಾನಾಗಿಯೇ ಬಂತು. ಕೆಲಸ ಬಿಟ್ಟ ಮೇಲೆ ಅವರು ಗೇಟಿನ ಹತ್ತಿರ ಕಾದು ನಿಂತಿದ್ದರು.

"ಅಣ್ಣ ಬರ್ತೇನೆ ಅಂತ ಹೇಳಿದ್ದಾನೆ. ಅತ್ತಿಗೆಯೂ ಬರ್ತಾಳೆ. ಶ್ವೇತಾ ಡ್ಯೂಟಿ ಬದಲಾಯಿಸಿಕೊಂಡಿದ್ದಾಳೆ. ಶಾಲು ಯಾವ ಬಣ್ಣದ್ದು ಹಾಕ್ತಾರೆ ಲಾರೆನ್ಸಣ್ಣ? ನನ್ನ ಹತ್ತಿರ ಹಸಿರು ಸೀರೆ ಉಂಟು."

ನಾನು ಗೇಟಿನ ಚಿಲಕ ನೋಡುತ್ತಾ, "ನಾಳೆ ನೋಡುವ ಅಕ್ಕ, ಹೊತ್ತಾಯಿತು, ಬಸ್ಸು ತಪ್ಪೀತು," ಎಂದೆ. ಅವರು ಒಂದು ಗಳಿಗೆ ನಿಂತು, ಮತ್ತೆ ನಡೆದರು.

ಭಾನುವಾರ ಶಾಮಿಯಾನ ತುಂಬಿ ಹೊರಗೂ ಜನ ನಿಂತಿದ್ದರು. ಮಕ್ಕಳು, ಗಂಡಂದಿರು, ಅಜ್ಜಿಯಂದಿರು, ಎಲ್ಲರೂ ಬಂದಿದ್ದರು. ಧನಿ ನನ್ನ ಹೆಗಲ ಮೇಲೆ ಕೈ ಇಟ್ಟು, "ಎಂತ ಮಂತ್ರ ಹಾಕಿದಿರಿ ಮಾರಾಯ್ರೆ?" ಎಂದರು. ವಾರಿಜಕ್ಕನನ್ನು ಬೇಬಿಯೇ ಕೈಹಿಡಿದು ಎದುರಿನ ಸಾಲಿನಲ್ಲಿ ಕೂರಿಸಿದ್ದಳು. ಹಸಿರು ಸೀರೆ, ಮಲ್ಲಿಗೆ. ಒಂದು ಪಕ್ಕ ಶ್ವೇತಾ, ಇನ್ನೊಂದು ಪಕ್ಕ ಅಣ್ಣ, ಅತ್ತಿಗೆ. ಕೈಗಳು ಸೆರಗಿನೊಳಗೆ ಇರಲಿಲ್ಲ. ಮಡಿಲ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇದ್ದವು. ಲಿಂಬೆಗೆ ಬೆರಳ ತುದಿ ಸ್ವಲ್ಪ ಬೆಳ್ಳಗಾಗಿತ್ತು, ಅಷ್ಟೆ. ವೇದಿಕೆಯ ಮೇಲೆ ಕುರ್ಚಿಗೆ ಇನ್ನೂ ಬಿಳಿ ಬಟ್ಟೆ ಹೊದಿಸಿತ್ತು. ಅದನ್ನು ಸಮಯಕ್ಕೆ ಸರಿಯಾಗಿ ತೆಗೆಯಬೇಕೆಂದು ನಾನೇ ಹೇಳಿದ್ದೆ.

ನಿರೂಪಣೆಗೆ ಬಂದಿದ್ದ ಶಾಲಾ ಮೇಷ್ಟ್ರು ಸನ್ಮಾನ ಪತ್ರ ಓದತೊಡಗಿದರು. ನಮ್ಮ ಕಡೆ ಸನ್ಮಾನ ಪತ್ರದಲ್ಲಿ ಹೆಸರು ಕೊನೆಗೆ ಬರುವುದು ವಾಡಿಕೆ. ಮೊದಲು ಗುಣಗಾನ. "ಈ ಸಂಸ್ಥೆಯ ಮೊದಲ ದಿನದಿಂದ ಜೊತೆಗೆ ನಿಂತವರು, ಬಡತನದಲ್ಲಿ ಬೆಳೆದು ಸ್ವಂತ ದುಡಿಮೆಯಿಂದ ಮೇಲೆ ಬಂದವರು, ಎಂದೂ ಪ್ರಚಾರ ಬಯಸದವರು..." ಒಬ್ಬ ಸಹಾಯಕ ಕುರ್ಚಿಯ ಬಟ್ಟೆ ತೆಗೆದ. ವೆಲ್ವೆಟ್ಟು ಹೊಳೆಯಿತು.

ವಾರಿಜಕ್ಕ ಎದ್ದು ನಿಂತರು.

ಅಣ್ಣ ಅವರ ಕುರ್ಚಿಯನ್ನು ಹಿಂದಕ್ಕೆ ಸರಿಸಿ ದಾರಿ ಮಾಡಿಕೊಟ್ಟ. ಅವರು ಒಂದು ಹೆಜ್ಜೆ ಮುಂದಿಟ್ಟಿದ್ದರು. ಆಗ ಮೇಷ್ಟ್ರು ಹೆಸರು ಓದಿದರು. ಮುಂಬಯಿಯ ಉದ್ಯಮಿಯ ಹೆಸರು. ವೇದಿಕೆಯ ಮೇಲಿದ್ದ ಆ ಹಿರಿಯರು ಕೈ ಮುಗಿಯುತ್ತಾ ಕುರ್ಚಿಯ ಕಡೆಗೆ ನಡೆದರು.

ಇಡೀ ಶಾಮಿಯಾನದಲ್ಲಿ ನಿಂತಿದ್ದವರು ಒಬ್ಬರೇ. ಎಷ್ಟು ಹೊತ್ತೋ ಗೊತ್ತಿಲ್ಲ, ಒಂದು ಉಸಿರಿನಷ್ಟು ಇರಬಹುದು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಬೇಬಿ ಎದ್ದಳು. ಎರಡೂ ಕೈ ಎತ್ತಿ ಕಿರುಚಿದಳು. "ಏಳಿ, ಎಲ್ಲ ಏಳಿ! ಲಾರೆನ್ಸಣ್ಣ ಹೇಳಿದ್ದು ನೆನಪಿಲ್ವಾ? ಏಳಿ!" ಕಟ್ಟಿಂಗ್‌ನವರು ಎದ್ದರು. ಅವರನ್ನು ನೋಡಿ ಪೀಲಿಂಗ್‌ನವರು ಎದ್ದರು. ಎಲ್ಲರೂ ಎದ್ದು ನಿಂತ ಮೇಲೆ ವಾರಿಜಕ್ಕ ಅವರ ನಡುವೆ ಒಬ್ಬರಾದರು. ಮುಂಬಯಿಯ ಹಿರಿಯರು ಕಣ್ಣು ಒರೆಸಿಕೊಂಡರು. ಧನಿ ನನ್ನ ಕಡೆ ನೋಡಿ ತಲೆ ಆಡಿಸಿದರು, ಭೇಷ್ ಎಂಬಂತೆ. ಆಮೇಲೆಯೂ ಹೇಳಿದರು, ಎಲ್ಲರನ್ನೂ ಎಬ್ಬಿಸಿದ ಆ ಐಡಿಯಾ ಬಹಳ ಚೆಂದ ಆಯಿತು ಎಂದು.

ಬೇಬಿ ಊರಿನ ಕಣ್ಣಿನಿಂದ ಅವರನ್ನು ಮರೆಮಾಡಿದಳು. ಆದರೆ ಪಕ್ಕದಲ್ಲೇ ಕುರ್ಚಿ ಸರಿಸಿ ನಿಂತಿದ್ದ ಅಣ್ಣನಿಂದ ಮರೆಮಾಡುವುದು ಯಾರಿಂದಲೂ ಆಗುವಂಥದ್ದಲ್ಲ.

ಊಟದ ಹೊತ್ತಿಗೆ ನಾನು ನೀರಿನ ಡ್ರಮ್ಮಿನ ಆಚೆ ನಿಂತಿದ್ದೆ. ಅತ್ತಿಗೆಯ ಮಾತು ಕೇಳಿಸಿತು. "ನಿನ್ನ ಹೆಸರು ಕರೆಯಲೇ ಇಲ್ಲ ಅಲ್ವಾ ವಾರಿಜ?"

"ಕಾರ್ಯಕ್ರಮ ಉದ್ದ ಆಯ್ತಲ್ಲ ಅತ್ತಿಗೆ. ಅದಕ್ಕೆ ಬಿಟ್ಟಿರಬೇಕು. ನೀವು ಊಟ ಮಾಡಿ," ಎಂದರು ವಾರಿಜಕ್ಕ. ನನ್ನನ್ನು ದೂರಬಹುದಿತ್ತು. ದೂರಲಿಲ್ಲ. ಅಣ್ಣ ಕೈ ತೊಳೆಯಲು ಹೋದವನು ಹಾಗೆಯೇ ಕಾರಿನ ಕಡೆ ನಡೆದ.

ಶ್ವೇತಾ ನನ್ನನ್ನು ಹುಡುಕಿಕೊಂಡು ಬಂದಳು. "ಅಂಕಲ್, ನಿಮಗೆ ಮೊದಲೇ ಗೊತ್ತಿತ್ತಾ?"

"ಕೊನೆ ಗಳಿಗೆಯಲ್ಲಿ ಬದಲಾಯಿತು ಮಗಾ," ಎಂದೆ.

ಅವಳು ತಿರುಗಿ ಅಮ್ಮನಿದ್ದ ಕಡೆಗೆ ಹೋದಳು.

ಸೋಮವಾರ ವಾರಿಜಕ್ಕ ಕೆಲಸಕ್ಕೆ ಬಂದರು. ಕೈಗೆ ಬೂದಿ ಬಳಿದುಕೊಂಡು ಕೂತರು. ಶಾಮಿಯಾನದವನು ಒಯ್ಯುವವರೆಗೆ ಇರಲೆಂದು ಕುರ್ಚಿಯನ್ನು ಮತ್ತೆ ಅದೇ ಮೂಲೆಯಲ್ಲಿ ತಂದಿಟ್ಟಿದ್ದರು. ಅವರು ನನ್ನನ್ನು ಕರೆದು, "ಲಾರೆನ್ಸಣ್ಣ, ಅದನ್ನು ಸ್ವಲ್ಪ ಆಚೆ ಇಡಿಸಿ, ಬೀಜದ ಗೋಣಿ ತರುವವರಿಗೆ ತಾಗ್ತದೆ," ಎಂದರು. ಅದೊಂದು ಮಾತು ಬಿಟ್ಟರೆ ಆ ವಿಷಯ ಎತ್ತಲಿಲ್ಲ. ಬೇಬಿ ಮಾತ್ರ ತಿಂಗಳುಗಟ್ಟಲೆ ನನ್ನ ಜೊತೆ ತಮಾಷೆ ಮಾಡಲಿಲ್ಲ. ಒಮ್ಮೆ ನಾನು ಬೋನಸ್ಸಿನ ವಿಷಯ ಹೇಳಲು ಸ್ಟೂಲು ಹತ್ತಿದಾಗ ಯಾರೂ ಮೆಷಿನ್ನು ನಿಲ್ಲಿಸಲಿಲ್ಲ. ಆ ಸದ್ದಿನಲ್ಲೇ ಹೇಳಿ ಇಳಿದೆ.

ಚರ್ಚಿನಲ್ಲಿ ಪಾಪನಿವೇದನೆಗೆ ಕೂತಾಗ ಇದನ್ನು ಪಾದ್ರಿಗಳಿಗೆ ಹೇಳಿದೆ. "ಸುಳ್ಳು ಹೇಳಿದಿರಾ?" ಎಂದು ಅವರು ಕೇಳಿದರು. ವಾರಿಜಕ್ಕನ ಮಗಳಿಗೆ ಒಂದು ಹೇಳಿದೆ ಎಂದೆ. ಅದಕ್ಕೆ ಪ್ರಾಯಶ್ಚಿತ್ತ ಕೊಟ್ಟರು. ತಾಯಿಗೆ ನಾನು ಸುಳ್ಳು ಹೇಳಿರಲಿಲ್ಲ. ಹೇಳದೇ ಉಳಿಸಿದ್ದಕ್ಕೆ ಯಾವ ಪ್ರಾಯಶ್ಚಿತ್ತ ಎಂದು ನಾನೂ ಕೇಳಲಿಲ್ಲ.

ಮರುವರ್ಷ ಧನಿ ಮಾತಿಗೆ ತಪ್ಪಲಿಲ್ಲ. ವಾರಿಜಕ್ಕನ ಹೆಸರು ನಿಗದಿಯಾಯಿತು. ಆ ಸಂಜೆಯೇ ಅಜೆಕಾರಿಗೆ ಅವರ ಮನೆಗೆ ಹೋದೆ. ಚಾ ಮಾಡಿಕೊಟ್ಟರು. ವಿಷಯ ಹೇಳಿದೆ. ಅವರು ಲೋಟ ತಿರುಗಿಸುತ್ತಾ ಕೂತರು.

"ಬೇಡ ಲಾರೆನ್ಸಣ್ಣ. ಅಣ್ಣನನ್ನು ಇನ್ನೊಮ್ಮೆ ಕರೆಯಲಿಕ್ಕೆ ನನಗೆ ಆಗುವುದಿಲ್ಲ. ಅವನು ಬಾರದೆ ನನಗೆ ಶಾಲು ಎಂತಕ್ಕೆ?"

ಅಲ್ಲಿಯವರೆಗೆ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಆಗ ಹೇಳಿದೆ. "ಅಕ್ಕ, ನನಗೆ ಗುರುವಾರವೇ ಗೊತ್ತಿತ್ತು."

"ಗೊತ್ತುಂಟು," ಎಂದರು. "ಶನಿವಾರ ಗೇಟಿನ ಹತ್ತಿರ ನೀವು ನನ್ನ ಮುಖ ನೋಡಲಿಲ್ಲ."

"ಹಾಗಾದರೆ ಮತ್ತೆ ಯಾಕೆ ಬಂದಿರಿ?"

"ಮನಸ್ಸು ಕೇಳಬೇಕಲ್ಲ?" ಎಂದರು. ಲೋಟ ಕೆಳಗಿಟ್ಟು, "ಗುರುವಾರ ಹೇಳಿದ್ದರೆ ಒಂದು ದಿನ ಬೇಸರ ಮಾಡಿಕೊಳ್ತಿದ್ದೆ. ಅಣ್ಣನಿಗೆ ಫೋನು ಮಾಡಿ, ಕಾರ್ಯಕ್ರಮ ಇಲ್ಲ, ಇನ್ನೊಂದು ದಿನ ಸುಮ್ಮನೆ ಊಟಕ್ಕೆ ಬಾ ಅಂತ ಹೇಳ್ತಿದ್ದೆ. ಅವನು ಬರ್ತಿದ್ದ ಅಂತ ಕಾಣ್ತದೆ. ಆ ವಾರ ಅಷ್ಟು ಸರಿಯಾಗಿ ಮಾತಾಡಿದ್ದ," ಎಂದರು.

ಸಂಜೀವ ಮತ್ತೆ ಬರಲಿಲ್ಲ. ಅದರ ಮುಂದಿನ ಮಳೆಗಾಲದಲ್ಲಿ ಹೃದಯಾಘಾತವಾಗಿ ತೀರಿಹೋದ. ವಾರಿಜಕ್ಕ ಪೆರ್ಡೂರಿಗೆ ಹೋದರು. ಬೇಬಿ ಜೊತೆಗೆ ಹೋಗಿದ್ದಳು. ಕೈ ಸೆರಗಿನೊಳಗೆ ಇತ್ತು ಎಂದು ಬೇಬಿ ನನಗೆ ಬಂದು ಹೇಳಿದಳು. ಅದು ನನಗೆ ಗೊತ್ತಾಗಲೇಬೇಕು ಎಂದೇ ಹೇಳಿದಳು.

ಆಮೇಲೆ ನಿವೃತ್ತಿಯವರೆಗೆ ನಾನು ನಡೆಸಿದ ಸಮಾರಂಭಗಳಲ್ಲಿ ಯಾರಿಗೆ ಸನ್ಮಾನ, ಯಾರ ಭಾಷಣ, ಊಟಕ್ಕೆ ಎಂತ ಎಂದು ಎಲ್ಲವನ್ನೂ ಮೊದಲೇ ಹೇಳಿದೆ. ಏನಾದರೂ ಬದಲಾದರೆ ಅದೇ ಗಳಿಗೆಯಲ್ಲಿ ಶೆಡ್ಡಿಗೆ ಹೋಗಿ ಹೇಳಿದೆ. ಜನ ಕಡಿಮೆಯೇ ಬಂದರು. ಖಾಲಿ ಕುರ್ಚಿಗಳ ಎದುರು ನಿಲ್ಲಲು ಕಲಿತೆ. ಅದು ಅಷ್ಟೇನೂ ಕಷ್ಟವಲ್ಲ, ಮೊದಲೇ ಕಲಿಯಬಹುದಿತ್ತು. ಸಭೆಗೆ ಜನರನ್ನು ಕರೆಯುವವನು ಅವರಲ್ಲಿ ಆಸೆ ಹುಟ್ಟಿಸುತ್ತಾನೆ. ಆ ಆಸೆಯನ್ನು ಹಿಡಿದು ಯಾರು ಎಲ್ಲಿಗೆ ಹೋಗಿ ಯಾರ ಬಾಗಿಲು ತಟ್ಟಿದ್ದಾರೆ ಎಂಬುದು ಅವನಿಗೆ ತಿಳಿದಿರಬೇಕು. ನನಗೆ ತಿಳಿದಿತ್ತು, ಆದರೂ ಕುರ್ಚಿ ತುಂಬಿಸಿದೆ.

ಈಗ ಕಾಪುವಿನಲ್ಲಿದ್ದೇನೆ. ನಮ್ಮ ಯುವಕ ಮಂಡಲದ ಹುಡುಗರು ಆಗಾಗ ಬಂದು, ನಿಮ್ಮ ಸ್ವರ ಇನ್ನೂ ಗಟ್ಟಿ ಉಂಟು, ಪ್ರಚಾರಕ್ಕೆ ರಿಕ್ಷಾದಲ್ಲಿ ಬನ್ನಿ ಎನ್ನುತ್ತಾರೆ. ನಾನು ಹೋಗುವುದಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ಲಿಂಬೆ ಹಿಂಡಿದರೆ ಹೋಳುಗಳನ್ನು ನಾನೇ ಎತ್ತಿ ಹೊರಗೆ ಹಾಕುತ್ತೇನೆ. ಯಾಕೆಂದು ಅವಳು ಕೇಳಿಲ್ಲ. ಇದನ್ನು ಓದಿದರೆ ಅವಳಿಗೂ ಗೊತ್ತಾಗಲಿ.